ಎಸ್ಟೀಮ್ ರೋಲ್ ಕೇಜ್‌ಗೆ ಜಿಐ ಪೈಪ್ ಆಗುತ್ತಾ?

ಹಳೆ ಮಾರುತಿ ಎಸ್ಟೀಮ್ ಕಾರನ್ನು ರ‍್ಯಾಲಿಗೆ ಸಜ್ಜು ಮಾಡ್ತಿದ್ದೀರಿ, ಊರಲ್ಲಿ ಗೇಟು-ಗ್ರಿಲ್ ಮಾಡೋ ವೆಲ್ಡರ್ ಹತ್ರ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಲ್ಲೇ ರೋಲ್ ಕೇಜ್, ಅಂದ್ರೆ ಕಾರು ಮಗುಚಿದ್ರೂ ಒಳಗಿರೋರನ್ನು ಕಾಪಾಡೋ ಪೈಪ್ ಚೌಕಟ್ಟು, ಮಾಡಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ ಸರ್. ಬೆಸುಗೆ ಬಿಸಿಗೆ ಸತುವಿನ ಲೇಪ ಕುದ್ದು ಜಾಯಿಂಟಲ್ಲೆಲ್ಲ ಸಣ್ಣ ಸಣ್ಣ ತೂತು ಬೀಳುತ್ತೆ, ಆ ಹೊಗೆ ವೆಲ್ಡರ್‌ಗೂ ಕೆಟ್ಟದ್ದು.

ಅಂತರರಾಷ್ಟ್ರೀಯ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಐಎ ನಿಯಮ ಕೇಳೋದು ಕೋಲ್ಡ್ ಡ್ರಾನ್ ಸೀಮ್‌ಲೆಸ್ ಟ್ಯೂಬ್, ಅಂದ್ರೆ ತಣ್ಣಗೆ ಎಳೆದು ಮಾಡಿದ, ಉದ್ದಕ್ಕೂ ಬೆಸುಗೆ ಇಲ್ಲದ ಉಕ್ಕಿನ ಪೈಪ್. ಅಂಗಡೀಲಿ ಸಿಡಿಎಸ್ ಅಂತ ಕೇಳಿ. ಸೀಟಿನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲಾಂದ್ರೆ 50ಕ್ಕೆ 2. ಉಳಿದದ್ದಕ್ಕೆ 38ಕ್ಕೆ 2.5 ಅಥವಾ 40ಕ್ಕೆ 2 ಸಾಕು. ಬಾಗಿಸೋದು ತಣ್ಣಗಿರುವಾಗಲೇ. ಮರಳು ತುಂಬಿ ಗ್ಯಾಸ್ ಹಿಡಿದು ಬಗ್ಗಿಸ್ತೀನಿ ಅಂದ್ರೆ ಒಪ್ಪಬೇಡಿ. ಬಾಗಿನ ಒಳಬದಿ ಸುಕ್ಕಾಗಿದ್ರೆ ಆ ಪೈಪ್ ಗುಜರಿಗೆ.

ಜನ ಎಡವೋದು ಮೇಲಿನ ಜಾಯಿಂಟಲ್ಲಿ. ರೂಫಿಗೆ ಒತ್ತಿಕೊಂಡಿರೋದ್ರಿಂದ ವೆಲ್ಡಿಂಗ್ ಟಾರ್ಚ್ ಹೋಗಲ್ಲ, ಕೆಳಗಿನ ಅರ್ಧ ಮಾತ್ರ ಬೆಸೆದು ಕೈ ತೊಳ್ಕೋತಾರೆ. ಅನುಭವಸ್ಥರು ಕಮಾನಿನ ಕಾಲಿರೋ ಕಡೆ ಫ್ಲೋರಲ್ಲಿ ತೂತು ಕೊರೆದು, ಇಡೀ ಕೇಜನ್ನು ಕೆಳಗಿಳಿಸಿ, ಜಾಯಿಂಟ್ ಸುತ್ತಲೂ ಪೂರ್ತಿ ಬೆಸೆದು, ಮತ್ತೆ ಮೇಲೆತ್ತಿ ಪ್ಲೇಟ್ ಹಾಕಿ ಮುಚ್ತಾರೆ. ಆ ಪ್ಲೇಟ್ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ಇರಬೇಕು. ಫ್ಲೋರ್ ತುಕ್ಕು ಹಿಡಿದಿದ್ರೆ (ಎಸ್ಟೀಮಿನ ವಯಸ್ಸಿಗೆ ಹಿಡಿದೇ ಇರುತ್ತೆ ಬಿಡಿ) ಮೊದಲು ಅದನ್ನು ಕತ್ತರಿಸಿ ಹೊಸ ಶೀಟ್ ಹಾಕಿಸಿ.

ಹೆಲ್ಮೆಟ್ ತಾಗೋ ಕಡೆಯೆಲ್ಲ ಪ್ಯಾಡಿಂಗ್ ಬೇಕು. ಬಣ್ಣ ಹೊಡೆಸೋ ಮುಂಚೆಯೇ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಸ್ಪೋರ್ಟ್ ಒಕ್ಕೂಟ) ಸ್ಕ್ರೂಟಿನಿಯರ್, ಅಂದ್ರೆ ಕಾರು ತಪಾಸಣೆ ಮಾಡೋ ಅಧಿಕಾರಿ, ಯಾರಿಗಾದ್ರೂ ತೋರಿಸಿ, ಬೆಸುಗೆ ಕಣ್ಣಿಗೆ ಕಾಣೋದು ಆಗಲೇ.