ಆಪ್ತಸಲಹೆ ಪ್ರಕರಣ: ನೋಟ ಕಿರಿದಾಗುತ್ತಿರುವ ವಿದ್ಯಾರ್ಥಿ ಮತ್ತು ಪೈಥಾನ್ ಲ್ಯಾಬ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಿದ್ಯಾರ್ಥಿ ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದಾನೆ. ಗಣಕ ವಿಜ್ಞಾನ ಅವನೇ ಆರಿಸಿಕೊಂಡ ವಿಷಯ. ರೆಟಿನೈಟಿಸ್ ಪಿಗ್ಮೆಂಟೋಸಾ (ಅಕ್ಷಿಪಟಲ ಕ್ರಮೇಣ ಕ್ಷೀಣಿಸುವ ಕಾಯಿಲೆ) ಎಂದು ನೇತ್ರತಜ್ಞರು ಮೊದಲೇ ಹೇಳಿದ್ದಾರೆ: ಇರುಳುಗಣ್ಣಿದೆ, ನೋಟದ ಅಂಚು ಒಳಕ್ಕೆ ಸರಿಯುತ್ತಿದೆ, ನಡುವಿನ ದೃಷ್ಟಿ ಸದ್ಯಕ್ಕೆ ಪರವಾಗಿಲ್ಲ. ಜೊತೆಗೆ ತಂದೆಯೂ ಉಪನ್ಯಾಸಕರೂ ಬಂದಿದ್ದರು. “ಇವನ ಕೈಲೆ ಕಂಪ್ಯೂಟರ್ ಆಗೂದಿಲ್ರಿ ಮೇಡಮ್ಮಾರ, ಆರ್ಟ್ಸಿಗೆ ಹಚ್ಚಿಬಿಡ್ತೀವಿ” ಎಂದು ತಂದೆ ಆಗಲೇ ತೀರ್ಮಾನಿಸಿದ್ದರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಬಾಯಲ್ಲಿ ಕೇಳಿದರೆ ಲಾಜಿಕ್ ತಪ್ಪಿಲ್ಲದೆ ಹೇಳುತ್ತಾನೆ, ಲ್ಯಾಬಿನಲ್ಲಿ ಮಾತ್ರ ಅರ್ಧ ಗಂಟೆಗೇ ತಲೆನೋವು ಎಂದರು ಉಪನ್ಯಾಸಕರು. ಕಾರಣ ಹುಡುಕಬೇಕಾದದ್ದು ಪರದೆಯಲ್ಲೇ ಎಂದು ಅಲ್ಲಿಗೆ ಗೊತ್ತಾಯಿತು.

ಉಪನ್ಯಾಸಕರು ಒಳ್ಳೆಯ ಮನಸ್ಸಿನಿಂದಲೇ ಪರದೆಯನ್ನು ಹಿಗ್ಗಿಸಿ ತೋರಿಸುವ ವಿಂಡೋಸ್ ಮ್ಯಾಗ್ನಿಫೈಯರನ್ನು ಶೇ. 400ಕ್ಕೆ ಏರಿಸಿಟ್ಟಿದ್ದರು. ಕೊಳವೆಯೊಳಗಿಂದ ನೋಡಿದಂತೆ ಕಾಣುವವರಿಗೆ ಇದು ತಿರುಗುಬಾಣ. ಅಷ್ಟು ಹಿಗ್ಗಿಸಿದಾಗ ಪರದೆಯ ಹದಿನಾರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಅದರಲ್ಲೂ ಅವನ ನೋಟಕ್ಕೆ ಸಿಗುವುದು ನಾಲ್ಕಾರು ಅಕ್ಷರ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ, ಮೌಸಿನ ಬಾಣ ಎಲ್ಲೋ ಕಾಣೆಯಾಗಿರುತ್ತದೆ. ವಿಂಡೋಸ್ ಕೀ ಮತ್ತು ಎಸ್ಕೇಪ್ ಒತ್ತಿ ಮ್ಯಾಗ್ನಿಫೈಯರ್ ಮುಚ್ಚಿ, ಫಾಂಟನ್ನು 16ರಿಂದ 18ರೊಳಗಿಟ್ಟು, ಎಡ ಆಲ್ಟ್, ಎಡ ಶಿಫ್ಟ್, ಪ್ರಿಂಟ್‌ಸ್ಕ್ರೀನ್ ಒಟ್ಟಿಗೆ ಒತ್ತಿ ಕಪ್ಪು ಹಿನ್ನೆಲೆಗೆ ಬದಲಿಸಲು ಹೇಳಿದೆವು. ಕಿಟಕಿಗೆ ಎದುರಾಗಿ ಕೂರಿಸಬಾರದು, ಬೆಳಕು ಕಣ್ಣು ಕುಕ್ಕುತ್ತದೆ.

ತಲೆನೋವಿಗೆ ಇಷ್ಟು ಸಾಕು, ಮುಂದಿನ ವರ್ಷಗಳಿಗೆ ಸಾಲದು. ಕಣ್ಣು ನಡೆಯುತ್ತಿರುವಾಗಲೇ ಕಿವಿಯಿಂದ ಓದಲು ಕಲಿತರೆ ಸುಲಭ. ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ) ತಂತ್ರಾಂಶವನ್ನು ಸೂಚಿಸಿದಾಗ ಹುಡುಗ ಮೊದಲ ಬಾರಿ ಬಾಯಿಬಿಟ್ಟ: “ಅದು ಪೂರಾ ಕಣ್ಣಿಲ್ಲದವ್ರಿಗೆ ಅಲ್ರಿ? ಹಾಕ್ಕೊಂಡ್ರ ಎಲ್ಲಾರಿಗೂ ಗೊತ್ತಾಗ್ತದ.” ಈ ಸಂಕೋಚವನ್ನು ವಾದದಿಂದ ಗೆಲ್ಲಲಾಗದು. ಲ್ಯಾಬ್ ಖಾಲಿಯಿರುವಾಗ ದಿನಕ್ಕೆ 20 ನಿಮಿಷ, ನೋಟ್‌ಪ್ಯಾಡಿನಲ್ಲಿ ಮಾತ್ರ ಅಭ್ಯಾಸ. ಎಲ್ಲರ ಮುಂದೆ ಯಾವಾಗ ಬಳಸಬೇಕೆಂದು ಅವನೇ ಗೊತ್ತುಮಾಡಬೇಕು ಎಂದು ಒಪ್ಪಿಸಿದೆವು. ಹೆಡ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಪಾಠಕ್ಕೆ.

ಉಪನ್ಯಾಸಕರಿಗೆ ಕೊಟ್ಟ ಸೂಚನೆಗಳೇ ಹೆಚ್ಚು. ಲ್ಯಾಬಿನ ಯಂತ್ರದಲ್ಲಿ ತಂತ್ರಾಂಶ ಹಾಕಲು ಅಡ್ಮಿನ್ ಪಾಸ್‌ವರ್ಡ್ ಸಿಗದಿದ್ದರೆ ಪೆನ್‌ಡ್ರೈವಿನಲ್ಲಿ ಎನ್‌ವಿಡಿಎಯ ಪೋರ್ಟಬಲ್ (ಯಂತ್ರದಲ್ಲಿ ಹಾಕದೆಯೇ ಓಡುವ) ಪ್ರತಿ ಮಾಡಿಕೊಳ್ಳಬಹುದು. ಪೈಥಾನ್ ಜೊತೆ ಬರುವ, ಪ್ರೋಗ್ರಾಮ್ ಬರೆಯುವ ಐಡಲ್ ಕಿಟಕಿಯನ್ನು ಸ್ಕ್ರೀನ್ ರೀಡರ್ ಸರಿಯಾಗಿ ಓದುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಬರೆದು ಕಮಾಂಡ್ ಪ್ರಾಂಪ್ಟಿನಲ್ಲಿ ಓಡಿಸಲಿ. ಎನ್‌ವಿಡಿಎ ಓದಿ ಹೇಳುವ ವಿರಾಮಚಿಹ್ನೆಗಳ ಮಟ್ಟ ಮೊದಲಿಗೆ ‘ಸಮ್’ ಎಂದಿರುತ್ತದೆ, ಆಗ ಆವರಣ, ಕೋಲನ್, ಉದ್ಧರಣ ಚಿಹ್ನೆ ಯಾವುದೂ ಕೇಳಿಸದು. ಕೋಲನ್ ಬಿಟ್ಟುಹೋದದ್ದು ತಿಳಿಯದೆ ಹುಡುಗ ಅದೇ ಸಾಲನ್ನು ಹತ್ತು ಸಲ ಕೇಳುತ್ತಾನೆ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಹಿಡಿದು ಪಿ ಒತ್ತುತ್ತಾ ‘ಆಲ್’ಗೆ ತರಬೇಕು, ಏಕೆಂದರೆ ಅಲ್ಪವಿರಾಮ ಅಲ್ಲಿ ಮಾತ್ರ ಕೇಳುತ್ತದೆ. ಸೆಟ್ಟಿಂಗ್ಸ್‌ನ ಡಾಕ್ಯುಮೆಂಟ್ ಫಾರ್ಮ್ಯಾಟಿಂಗಿನಲ್ಲಿ ಸಾಲಿನ ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಟ್ಟ ಜಾಗ) ತಿಳಿಸುವ ಆಯ್ಕೆ ಹಾಕದಿದ್ದರೆ ಪೈಥಾನ್ ಕಲಿಸುವುದೇ ವ್ಯರ್ಥ. ಮಾತಿನಲ್ಲೂ ಬೇಕು, ಬೀಪ್ ಸ್ವರದಲ್ಲೂ ಬೇಕು ಎಂದರೆ ಎರಡನ್ನೂ ಆರಿಸಬಹುದು. ನಡುವೆ ಯಂತ್ರ ಮೌನವಾದರೆ ಕೆಟ್ಟಿತೆಂದು ಗಾಬರಿಯಾಗುವುದು ಬೇಡ: ಕೈತಪ್ಪಿ ಎನ್‌ವಿಡಿಎ ಕೀ ಜೊತೆ ಎಸ್ ಒತ್ತಿದರೆ ಧ್ವನಿ ನಿಲ್ಲುತ್ತದೆ, ಅದನ್ನೇ ಮತ್ತೆ ಒತ್ತುತ್ತಾ ಹೋದರೆ ಮರಳುತ್ತದೆ.

ನೋಟ್ಸ್‌ನದು ಬೇರೆಯೇ ಕಥೆ. ಕಾಲೇಜಿನ ಕನ್ನಡ ಟಿಪ್ಪಣಿಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಅಂಥ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ, ಕನ್ನಡದ ವೇಷ ಫಾಂಟಿನದು. ಎನ್‌ವಿಡಿಎ ಆ ಚಿಹ್ನೆಗಳನ್ನೇ ಒದರುತ್ತದೆ. ಪಠ್ಯವನ್ನು ಆಯ್ದು ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ: ಅಕ್ಷರ ಕಲಸಿಹೋದರೆ ಅದು ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ವ್ಯವಸ್ಥೆ) ಅಲ್ಲ. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಲೇಬೇಕು, ಕೆಡುವುದು ಅಲ್ಲೇ. ಎನ್‌ವಿಡಿಎ ಜೊತೆ ಬರುವ ಧ್ವನಿ ತಂತ್ರಾಂಶ ಇಸ್ಪೀಕ್‌ನ ಕನ್ನಡ ಧ್ವನಿ ಯಾಂತ್ರಿಕ. ಟಿಪ್ಪಣಿಗೆ ಕನ್ನಡ, ಪ್ರೋಗ್ರಾಮಿಗೆ ಇಂಗ್ಲಿಷ್ ಎಂದು ಎರಡು ಪ್ರೊಫೈಲ್ ಮಾಡಿಟ್ಟರೆ ಕಿವಿ ಬೇಗ ಒಗ್ಗುತ್ತದೆ.

“ಮುಂದ ಪೂರಾ ಕಾಣದಂಗಾದ್ರ?” ಎಂದು ತಂದೆ ಮೆಲ್ಲಗೆ ಕೇಳಿದರು. ಎಷ್ಟು ಬೇಗ ಎಷ್ಟು ಕುಗ್ಗುತ್ತದೆ ಎಂದು ಹೇಳಬೇಕಾದವರು ನೇತ್ರತಜ್ಞರು, ನಾವು ಭರವಸೆಯನ್ನೂ ಕೊಡಲಿಲ್ಲ, ಹೆದರಿಸಲೂ ಇಲ್ಲ. ಕೀಬೋರ್ಡಿನಿಂದ ಕಲಿತ ಕೆಲಸಕ್ಕೆ ಕಣ್ಣು ಬೇಕಿಲ್ಲ ಎಂದಷ್ಟೇ ಹೇಳಿ, ವಿಷಯ ಬದಲಿಸುವ ಮಾತನ್ನು ಒಂದು ಅವಧಿ ಮುಂದೂಡಲು ಕೇಳಿಕೊಂಡೆವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯೂ ಸೇರಿದೆ; ಅರ್ಹತೆ ಎಷ್ಟೆಂದು ವೈದ್ಯಕೀಯ ತಪಾಸಣೆಯಲ್ಲಿ ಗೊತ್ತಾಗುತ್ತದೆ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿಗೆ ಈಗಲೇ ಅರ್ಜಿ ಹಾಕಿದರೆ ಪರೀಕ್ಷೆಯ ಹೊತ್ತಿಗೆ ಓಡಾಟ ತಪ್ಪುತ್ತದೆ. ಪ್ರಾಯೋಗಿಕ ಪರೀಕ್ಷೆಗೆ ಹೆಚ್ಚುವರಿ ಸಮಯ ಮತ್ತು ಸ್ಕ್ರೀನ್ ರೀಡರ್ ಬೇಕೆಂದು ಪ್ರಾಂಶುಪಾಲರ ಮೂಲಕ ಲಿಖಿತವಾಗಿ ಕೇಳಿ, ಹಿಂದಿನ ದಿನವೇ ಅದೇ ಯಂತ್ರದಲ್ಲಿ ಹೆಡ್‌ಫೋನ್, ಚಿಹ್ನೆಗಳ ಮಟ್ಟ, ಇಂಡೆಂಟೇಶನ್ ಮೂರನ್ನೂ ಪರೀಕ್ಷಿಸಿಡುವ ಹೊಣೆ ಉಪನ್ಯಾಸಕರದು.