ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ ಯಹೂದಿ ದ್ವೇಷ ನಿಜವಾಗಿಯೂ ಇತ್ತೇ?

ನಿಮ್ಮ ಪ್ರಶ್ನೆ ಹೀಗಿದೆ: "ಲೇಬರ್ ಪಕ್ಷದಲ್ಲಿ ಯಹೂದಿ ದ್ವೇಷ ಇದೆ ಅಂತ ಅಷ್ಟು ಗಲಾಟೆ ಆಯ್ತಲ್ಲ, ಅದು ನಿಜವೋ ಅಥವಾ ಆಗಿನ ನಾಯಕ ಜೆರೆಮಿ ಕಾರ್ಬಿನ್ ಅವರನ್ನು ಇಳಿಸಲು ಹೂಡಿದ ಆಟವೋ? ಈಗ ಯಹೂದಿಯೊಬ್ಬರು ಆ ಪಕ್ಷದ ಸಮಾವೇಶಕ್ಕೆ ಹೋದರೆ ಹೇಗಿರುತ್ತದೆ?"

ನೇರವಾಗಿ ಹೇಳಿಬಿಡುತ್ತೇನೆ. ದ್ವೇಷ ನಿಜವಾಗಿಯೂ ಇತ್ತು. ಅದನ್ನು ಪಕ್ಷದ ಒಳಜಗಳಕ್ಕೆ ಬಳಸಿಕೊಂಡದ್ದೂ ನಿಜ. ಬಳಸಿಕೊಂಡರು ಅಂದ ಮಾತ್ರಕ್ಕೆ ದ್ವೇಷ ಸುಳ್ಳಾಗುವುದಿಲ್ಲ. ಈ ಚರ್ಚೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ನಾನು ದಾವಣಗೆರೆಯವಳು. ಬಹಳ ವರ್ಷಗಳಿಂದ ಮ್ಯಾಂಚೆಸ್ಟರ್ ಪಕ್ಕದ ಪ್ರೆಸ್ಟ್‌ವಿಚ್‌ನಲ್ಲಿದ್ದೇನೆ. ಲಂಡನ್ ಬಿಟ್ಟರೆ ಬ್ರಿಟನ್ನಿನಲ್ಲಿ ಯಹೂದಿಗಳು ಜಾಸ್ತಿ ಇರುವುದು ಈ ಭಾಗದಲ್ಲೇ. ಅಂದರೂ ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವರು 2.71 ಲಕ್ಷ ಮಂದಿ ಅಷ್ಟೆ, ಅಂದರೆ ಶೇಕಡಾ 0.5. ಅದು 2021ರ ಜನಗಣತಿಯ ಲೆಕ್ಕ. ನನ್ನ ಬೀದಿಯಲ್ಲೇ ಇರುವ ಗೆಳತಿಯೊಬ್ಬರು ಯಹೂದಿ. ನಿವೃತ್ತ ನರ್ಸ್. ಪ್ರಾಯದಿಂದಲೂ ಲೇಬರ್ ಪಕ್ಷಕ್ಕಾಗಿ ಮನೆಮನೆ ತಿರುಗಿ ಕರಪತ್ರ ಹಂಚಿದವರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೂ ಕಾಮನ್‌ವೆಲ್ತ್ ಪ್ರಜೆಗಳು ಅಂತ ಇಲ್ಲಿ ಮತ ಹಾಕುವ ಹಕ್ಕಿದೆ ಅನ್ನುವುದನ್ನು ನನಗೆ ಹೇಳಿಕೊಟ್ಟು, ಮೊದಲ ಸಲ ಮತಗಟ್ಟೆಗೆ ಕರೆದುಕೊಂಡು ಹೋದವರು ಅವರೇ.

ಮೊದಲು ಸಮಾವೇಶ ಅಂದರೇನು ಅನ್ನುವುದು ಗೊತ್ತಾಗಬೇಕು. ನಮ್ಮ ಕಡೆಯ ಹಾಗೆ ಮೈದಾನ, ಶಾಮಿಯಾನ, ಬಸ್ಸುಗಳಲ್ಲಿ ಬರುವ ಲಕ್ಷ ಜನ, ಅದಲ್ಲ ಇದು. ಲಿವರ್‌ಪೂಲ್ ಅಥವಾ ಬ್ರೈಟನ್‌ನಂಥ ಊರಿನ ದೊಡ್ಡ ಸಭಾಂಗಣದಲ್ಲಿ ಸೆಪ್ಟೆಂಬರ್ ಹೊತ್ತಿಗೆ ನಾಲ್ಕು ದಿನ ನಡೆಯುತ್ತದೆ. ಪ್ರತಿ ಕ್ಷೇತ್ರದ ಪಕ್ಷದಿಂದ ಪ್ರತಿನಿಧಿಗಳು ಬರುತ್ತಾರೆ, ಕಾರ್ಮಿಕ ಸಂಘಗಳಿಂದ ಬರುತ್ತಾರೆ. ನಿರ್ಣಯಗಳ ಮೇಲೆ ಮತ ಹಾಕುತ್ತಾರೆ. ಮತದ ಅರ್ಧ ತೂಕ ಕ್ಷೇತ್ರಗಳದ್ದು, ಇನ್ನರ್ಧ ಸಂಘಗಳು ಮತ್ತು ಪಕ್ಷಕ್ಕೆ ಸೇರಿಕೊಂಡ ಇತರ ಸಂಸ್ಥೆಗಳದ್ದು. ಯಹೂದಿ ಲೇಬರ್ ಚಳವಳಿ ಅನ್ನುವ ಸಂಘಟನೆ ಹಾಗೆ ಸೇರಿಕೊಂಡದ್ದು 1920ರಲ್ಲಿ, ಆಗ ಅದರ ಹೆಸರು ಪೊಆಲೆ ಜಿಯಾನ್. ಅಂದರೆ ಯಹೂದಿಗಳು ಈ ಪಕ್ಷಕ್ಕೆ ಹೊರಗಿನಿಂದ ಬಂದ ನೆಂಟರಲ್ಲ, ಹಳೆಯ ಮನೆಮಂದಿ. 2010ರಿಂದ 2015ರವರೆಗೆ ಪಕ್ಷದ ನಾಯಕರಾಗಿದ್ದ ಎಡ್ ಮಿಲಿಬ್ಯಾಂಡ್ ಕೂಡ ಯಹೂದಿ ಮನೆತನದವರು.

2015ರಲ್ಲಿ ಕಾರ್ಬಿನ್ ನಾಯಕರಾದ ಮೇಲೆ ಲಕ್ಷಾಂತರ ಹೊಸ ಸದಸ್ಯರು ಬಂದರು. ಬಹುಪಾಲು ಜನ ಬಡತನ, ಯುದ್ಧ, ಬಾಡಿಗೆ ಇಂಥ ವಿಷಯಗಳಿಗಾಗಿ ಬಂದ ಒಳ್ಳೆಯವರು. ಆದರೆ ಅವರ ನಡುವೆ "ಬ್ಯಾಂಕೆಲ್ಲ ರಾಥ್‌ಸ್ಚೈಲ್ಡ್ ಕೈಯಲ್ಲಿದೆ" (ಅದು ಹಳೆಯ ಯಹೂದಿ ಬ್ಯಾಂಕರ್ ಮನೆತನ), "ಮಾಧ್ಯಮ ಯಹೂದಿಗಳ ಹಿಡಿತದಲ್ಲಿದೆ" ಅಂತ ಬರೆಯುವವರೂ ಇದ್ದರು. ದೂರು ಕೊಟ್ಟರೆ ತಿಂಗಳುಗಟ್ಟಲೆ ಸದ್ದಿಲ್ಲ. 2018ರ ಮಾರ್ಚ್‌ನಲ್ಲಿ ಒಂದು ಹಳೆಯ ವಿಷಯ ಹೊರಬಿತ್ತು. ಲಂಡನ್ನಿನ ಗೋಡೆಯೊಂದರ ಮೇಲೆ ಚಿತ್ರ ಬರೆದಿದ್ದರು: ಸೂಟು ತೊಟ್ಟ ಮುದುಕರು ಬಡವರ ಬೆನ್ನುಗಳ ಮೇಲೆ ಹಲಗೆ ಇಟ್ಟು ದುಡ್ಡಿನ ಆಟ ಆಡುತ್ತಿದ್ದಾರೆ. ಕೆಲವರ ಮೂಗು ನಾಜಿಗಳ ಕಾಲದ ವ್ಯಂಗ್ಯಚಿತ್ರಗಳಲ್ಲಿ ಯಹೂದಿಗಳಿಗೆ ಬರೆಯುತ್ತಿದ್ದ ಹಾಗೇ ಇದೆ. 2012ರಲ್ಲಿ ಆ ಚಿತ್ರ ಅಳಿಸುತ್ತಾರೆ ಅಂದಾಗ ಕಾರ್ಬಿನ್ ಫೇಸ್‌ಬುಕ್‌ನಲ್ಲಿ ಚಿತ್ರಕಾರನ ಪರ ಬರೆದಿದ್ದರು. ಸರಿಯಾಗಿ ನೋಡಿರಲಿಲ್ಲ ಅಂತ ಆಮೇಲೆ ವಿಷಾದ ಹೇಳಿದರು. ಅದೇ ತಿಂಗಳು 26ರಂದು ಯಹೂದಿಗಳು ಸಂಸತ್ತಿನ ಎದುರು ಬೀದಿಗಿಳಿದರು. ತಮ್ಮದೇ ಪಕ್ಷದ ವಿರುದ್ಧ ಬೀದಿಗೆ ಬರುವುದು ಎಂಥ ಸಂಕಟ ಅಂತ ನನ್ನ ಗೆಳತಿಯ ಮುಖದಲ್ಲಿ ನಾನು ಕಂಡಿದ್ದೇನೆ.

ಆ ವರ್ಷದ ಸಮಾವೇಶ ಲಿವರ್‌ಪೂಲ್‌ನಲ್ಲಿ. ಲೂಸಿಯಾನಾ ಬರ್ಗರ್ ಅದೇ ಊರಿನ ವೇವರ್‌ಟ್ರೀ ಕ್ಷೇತ್ರದ ಲೇಬರ್ ಸಂಸದೆ. ತಮ್ಮ ಊರಲ್ಲಿ, ತಮ್ಮ ಪಕ್ಷದ ಸಮಾವೇಶಕ್ಕೆ, ಪೊಲೀಸ್ ಕಾವಲಿನಲ್ಲಿ ಬಂದರು. ಯಹೂದಿ ಅನ್ನುವ ಕಾರಣಕ್ಕೆ ಅವರಿಗೆ ಬೆದರಿಕೆ ಹಾಕಿದ ಹಲವರಿಗೆ ಕೋರ್ಟಿನಲ್ಲಿ ಶಿಕ್ಷೆಯಾಗಿತ್ತು. ಅವರಲ್ಲಿ ಕಡುಬಲಪಂಥೀಯರೂ ಇದ್ದರು ಅನ್ನುವುದನ್ನು ಮರೆಯಬಾರದು. 2019ರ ಫೆಬ್ರವರಿಯಲ್ಲಿ ಬರ್ಗರ್ ಪಕ್ಷ ಬಿಟ್ಟರು. ಅಕ್ಟೋಬರ್‌ನಲ್ಲಿ ಅದೇ ಊರಿನ ಇನ್ನೊಬ್ಬ ಸಂಸದೆ ಲೂಯಿಸ್ ಎಲ್ಮನ್, 55 ವರ್ಷ ಪಕ್ಷದಲ್ಲಿದ್ದವರು, ಬಿಟ್ಟರು. ಅವರ ಮೇಲಿನ ಅವಿಶ್ವಾಸ ನಿರ್ಣಯವನ್ನು ಚರ್ಚೆಗೆ ಇಟ್ಟಿದ್ದ ದಿನ ಯಾವುದು ಗೊತ್ತೇ? ಯೋಮ್ ಕಿಪ್ಪುರ್ ಶುರುವಾಗುವ ಸಂಜೆ. ಯಹೂದಿಗಳು ಉಪವಾಸ ಕೂತು ಪ್ರಾರ್ಥನೆ ಮಾಡುವ, ವರ್ಷದ ಅತಿ ಪವಿತ್ರ ದಿನ ಅದು.

"ಇದೆಲ್ಲ ವಿರೋಧಿಗಳ ಕಟ್ಟುಕತೆ" ಅನ್ನುವವರಿಗೆ 2020ರ ಅಕ್ಟೋಬರ್ 29ರ ವರದಿ ಓದಿ ಅಂತ ಹೇಳುತ್ತೇನೆ. ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಸರ್ಕಾರಿ ಶಾಸನದಿಂದ ಹುಟ್ಟಿದ ಸಂಸ್ಥೆ. ಅದಕ್ಕೆ ಮುಂಚೆ ಅದು ಕ್ರಮ ಕೈಗೊಂಡಿದ್ದ ಪಕ್ಷ ಬಿಎನ್‌ಪಿ (ಬ್ರಿಟಿಷ್ ನ್ಯಾಷನಲ್ ಪಾರ್ಟಿ), ಬಿಳಿಯರಷ್ಟೇ ಸದಸ್ಯರಾಗಬಹುದು ಅಂತ ನಿಯಮ ಇಟ್ಟಿದ್ದ ಪಕ್ಷ. ಲೇಬರ್ ಪಕ್ಷ ಕಾನೂನು ಮುರಿದಿದೆ ಅಂತ ಆಯೋಗ ಹೇಳಿತು: ಯಹೂದಿ ಸದಸ್ಯರಿಗೆ ಕಿರುಕುಳ, ದೂರು ನೋಡುವವರಿಗೆ ಸರಿಯಾದ ತರಬೇತಿ ಇಲ್ಲ, ದೂರುಗಳಲ್ಲಿ ರಾಜಕೀಯ ಕೈವಾಡ. ನೋಡಿದ 70 ಕಡತಗಳಲ್ಲಿ ಅಂಥ ಕೈವಾಡದ 23 ಉದಾಹರಣೆ ಸಿಕ್ಕವು. ಸಮಸ್ಯೆಯನ್ನು ರಾಜಕೀಯಕ್ಕಾಗಿ ಬಹಳ ದೊಡ್ಡದು ಮಾಡಿದರು ಅಂತ ಕಾರ್ಬಿನ್ ಆ ದಿನವೇ ಪ್ರತಿಕ್ರಿಯೆ ಕೊಟ್ಟರು. ಆ ದಿನವೇ ಅಮಾನತಾದರು.

ಈಗ ಇನ್ನೊಂದು ಬದಿ. 2022ರಲ್ಲಿ ವಕೀಲ ಮಾರ್ಟಿನ್ ಫೋರ್ಡ್ ಅವರ ವರದಿ ಬಂತು. ಪಕ್ಷದ ಎರಡೂ ಬಣಗಳು ಈ ವಿಷಯವನ್ನು ಒಬ್ಬರ ಮೇಲೊಬ್ಬರು ಆಯುಧದ ಹಾಗೆ ಬಳಸಿದವು ಅಂತ ಅದರಲ್ಲಿದೆ. ನನಗೆ ಇದು ನೂರಕ್ಕೆ ನೂರು ಸರಿ ಅನಿಸುತ್ತದೆ. ಕಾರ್ಬಿನ್ ಪರ ನಿಂತ ಯಹೂದಿಗಳೂ ಇದ್ದರು, ಅವರದ್ದೇ ಒಂದು ಸಂಘಟನೆ ಇದೆ. "ನೀವು ನಿಜವಾದ ಯಹೂದಿಗಳೇ ಅಲ್ಲ" ಅನ್ನುವ ಬೈಗುಳ ಅವರಿಗೂ ಬಿತ್ತು. ಅದೂ ಅಷ್ಟೇ ಕೆಟ್ಟದ್ದು.

ಭಾಷಣಕ್ಕಿಂತ ನಿಯಮ ಮುಖ್ಯ ಅಂತ ನನ್ನ ನಂಬಿಕೆ. 2017ರ ಬ್ರೈಟನ್ ಸಮಾವೇಶ ಯಹೂದಿ ದ್ವೇಷದ ಮೇಲೆ ಕ್ರಮ ಬಿಗಿ ಮಾಡಲು ಯಹೂದಿ ಲೇಬರ್ ಚಳವಳಿ ತಂದ ನಿಯಮ ತಿದ್ದುಪಡಿ ಒಪ್ಪಿತ್ತು. ಆದರೆ ದೂರುಗಳು ನಾಯಕರ ಕೈಗೆ ಸಿಗುವಷ್ಟು ದಿನ ಅದರಿಂದ ಏನೂ ಪ್ರಯೋಜನ ಆಗಲಿಲ್ಲ. 2021ರಲ್ಲಿ, ಮತ್ತೆ ಬ್ರೈಟನ್‌ನಲ್ಲೇ, ಸ್ವತಂತ್ರ ದೂರು ವ್ಯವಸ್ಥೆಗೆ ಪ್ರತಿನಿಧಿಗಳು ಮತ ಹಾಕಿದರು. ಆ ಸಮಾವೇಶದ ಹೊತ್ತಿನಲ್ಲೇ ಎಲ್ಮನ್ ಪಕ್ಷಕ್ಕೆ ಮರಳಿದರು. ಬರ್ಗರ್ 2023ರಲ್ಲಿ ಮರಳಿದರು.

ಇನ್ನು ಈಗಿನ ಸ್ಥಿತಿ. ಪಕ್ಷದೊಳಗೆ ಮೊದಲಿಗಿಂತ ಸಲೀಸು. ಹೊರಗೆ ಭಯ ಜಾಸ್ತಿಯಾಗಿದೆ. ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ ಅನ್ನುವ ಸಂಸ್ಥೆ ಯಹೂದಿ ವಿರೋಧಿ ಘಟನೆಗಳ ಲೆಕ್ಕ ಇಡುತ್ತದೆ. 2019ರಲ್ಲಿ ಅದು 1,805 ಅಂತ ವರದಿ ಮಾಡಿತ್ತು. 2023ರಲ್ಲಿ, ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ, 4,000 ದಾಟಿತು. ನಮ್ಮ ಕಡೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮುಂದೆ ಶನಿವಾರ ಬೆಳಗ್ಗೆ ಹೋದರೆ, ಚಾಕು ತಡೆಯುವ ಜಾಕೆಟ್ ಹಾಕಿ, ವಾಕಿಟಾಕಿ ಹಿಡಿದು ನಿಂತ ಸ್ವಯಂಸೇವಕರು ಕಾಣುತ್ತಾರೆ. ಗೆಳತಿಯ ಮಗನೂ ಸರದಿಯಲ್ಲಿ ನಿಲ್ಲುತ್ತಾನೆ. ವೃತ್ತಿಯಿಂದ ಅವನು ಲೆಕ್ಕಿಗ.

2025ರ ಸಮಾವೇಶ ಮತ್ತೆ ಲಿವರ್‌ಪೂಲ್‌ನಲ್ಲಿ ನಡೆಯಿತು. ಗಾಜಾದಲ್ಲಿ ನಡೆಯುತ್ತಿರುವುದು ಜನಾಂಗಹತ್ಯೆ ಅನ್ನುವ ವಿಶ್ವಸಂಸ್ಥೆಯ ತನಿಖಾ ಆಯೋಗದ ಮಾತನ್ನು ಒಪ್ಪುವ ನಿರ್ಣಯ ಅಲ್ಲಿ ಗೆದ್ದಿತು. ಅದನ್ನು ನಾನು ಯಹೂದಿ ದ್ವೇಷ ಅನ್ನುವುದಿಲ್ಲ. ಗಾಜಾದ ಸಾವುಗಳ ಬಗ್ಗೆ ಒಂದು ಪಕ್ಷ ಮಾತಾಡಲೇಬೇಕು. ಗೆಳತಿಯೂ ನೆತನ್ಯಾಹು ಸರ್ಕಾರದ ವಿರುದ್ಧ ಗಟ್ಟಿಯಾಗಿಯೇ ಮಾತಾಡುತ್ತಾರೆ. ಅಕ್ಟೋಬರ್ 1ರಂದು ಸಮಾವೇಶ ಮುಗಿಯಿತು. ಆ ಸಂಜೆಯೇ ಯೋಮ್ ಕಿಪ್ಪುರ್ ಶುರು. ಮರುದಿನ ಬೆಳಗ್ಗೆ ಇಲ್ಲಿಗೆ ಹತ್ತಿರದ ಹೀಟನ್ ಪಾರ್ಕ್ ಸಿನಗಾಗ್ ಮೇಲೆ ಒಬ್ಬ ಕಾರು ನುಗ್ಗಿಸಿ, ಚಾಕುವಿನಿಂದ ದಾಳಿ ಮಾಡಿದ. ಪ್ರಾರ್ಥನೆಗೆ ಬಂದ ಇಬ್ಬರು ಸತ್ತರು. ಅವರಲ್ಲಿ ಒಬ್ಬರಿಗೆ ತಗುಲಿದ್ದು, ದಾಳಿಕೋರನನ್ನು ತಡೆಯಲು ಪೊಲೀಸರು ಹಾರಿಸಿದ ಗುಂಡು. ಮರುದಿನದ ಶ್ರದ್ಧಾಂಜಲಿ ಸಭೆಗೆ ಬಂದ ಉಪ ಪ್ರಧಾನಿ ಡೇವಿಡ್ ಲ್ಯಾಮಿ ಮಾತಾಡುವಾಗ ಜನ ಸಿಟ್ಟಿನಿಂದ ಕೂಗಿದರು. ಅದರ ಮರುದಿನ ಕಳೆದು, 5ನೇ ತಾರೀಕು, ಇದೇ ಮ್ಯಾಂಚೆಸ್ಟರ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಸಮಾವೇಶ ಶುರುವಾಯಿತು. ಒಂದು ಪಕ್ಷದ ಸಮಾವೇಶ ಮುಗಿದು ಇನ್ನೊಂದರದ್ದು ಶುರುವಾಗುವಷ್ಟರಲ್ಲಿ ಇಷ್ಟೆಲ್ಲ ಆಗಿಹೋಯಿತು.

ಯಹೂದಿಗಳಿಗೆ ಸುಸ್ತು ಮಾಡುವುದು ಬೈಗುಳಕ್ಕಿಂತ ಇನ್ನೊಂದು ಸಂಗತಿ. ಒಂದು ಸಭೆಯಲ್ಲಿ ನಾನು ಗೆಳತಿಯ ಪಕ್ಕದಲ್ಲೇ ಕೂತಿದ್ದೆ. ಯಾರ ಸಭೆ ಅಂತ ಇಲ್ಲಿ ಹೇಳುವುದಿಲ್ಲ. ಬಾಡಿಗೆ ಮನೆಗಳಲ್ಲಿ ಗೋಡೆ ಒಸರಿ ಬೂಷ್ಟು ಹಿಡಿದು ಮಕ್ಕಳಿಗೆ ಉಬ್ಬಸ ಬರುವ ಬಗ್ಗೆ ಅವರು ಎದ್ದು ಮಾತಾಡಿದರು. ಮುಗಿಸುತ್ತಿದ್ದ ಹಾಗೆ ಒಬ್ಬರು, "ಅದಿರಲಿ, ಇಸ್ರೇಲ್ ಬಗ್ಗೆ ನಿಮ್ಮ ನಿಲುವೇನು, ಮೊದಲು ಅದು ಹೇಳಿ" ಅಂದರು. ನನ್ನನ್ನು ಯಾರೂ ಮಾತಿಗೆ ಮುಂಚೆ ಮೋದಿ ಬಗ್ಗೆ ಕೇಳಿಲ್ಲ. ಬೂಷ್ಟಿನ ಬಗ್ಗೆ ಮಾತಾಡಲು ಯಹೂದಿಯೊಬ್ಬರು ಯಾಕೆ ಮೊದಲು ಪರೀಕ್ಷೆ ಪಾಸಾಗಬೇಕು? ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಜೀವ ಇಲ್ಲಿದೆ. ಇಸ್ರೇಲ್ ಸರ್ಕಾರವನ್ನು ಟೀಕಿಸಿ, ಸಾಕಷ್ಟು ಕಾರಣ ಇದೆ. ಎದುರಿಗಿರುವ ಯಹೂದಿಯಿಂದ ಅದಕ್ಕೆ ಲೆಕ್ಕ ಕೇಳಬೇಡಿ.

ಕನ್ನಡದಲ್ಲಿ ಈ ವಿಷಯ ಬಂದಾಗಲೂ ನನಗೆ ಬೇಜಾರಾಗುತ್ತದೆ. ಒಬ್ಬ ಯಹೂದಿಯನ್ನೂ ನೋಡಿರದವರು, ನಮ್ಮ ಊರಿನ ಹಿಂದೂ–ಮುಸ್ಲಿಂ ಜಗಳವನ್ನೇ ಇಲ್ಲಿಗೆ ತಂದು, ಸುಮ್ನೆ ಒಂದು ಬಾವುಟ ಹಿಡಿದು ಕಿತ್ತಾಡುತ್ತಾರೆ. ಇಸ್ರೇಲನ್ನು ಹೊಗಳಿದವರಿಗೆ ಯಹೂದಿಗಳ ಮೇಲೆ ಪ್ರೀತಿ ಇದೆ ಅಂತ ಅಲ್ಲ. ಗಾಜಾಕ್ಕೆ ಮರುಗಿದವರಿಗೆ ಯಹೂದಿ ದ್ವೇಷ ಇದೆ ಅಂತಲೂ ಅಲ್ಲ, ಅಲ್ವಾ?

ಯಹೂದಿಯೊಬ್ಬರು ಈಗ ಸಮಾವೇಶಕ್ಕೆ ಹೋಗಬಹುದೇ ಅಂದರೆ, ಹೋಗಬಹುದು, ಹೋಗುತ್ತಿದ್ದಾರೆ. ಗೆಳತಿ ಈ ಸಲವೂ ಪ್ರತಿನಿಧಿಯಾಗಲು ಹೆಸರು ಕೊಟ್ಟಿದ್ದಾರೆ. ಬೂಷ್ಟು ಹಿಡಿದ ಮನೆಯನ್ನು ಗಡುವಿನೊಳಗೆ ರಿಪೇರಿ ಮಾಡಬೇಕು ಅನ್ನುವ ಕಾನೂನು ಕೌನ್ಸಿಲ್ ಮನೆಗಳಿಗೆ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಗಳಿಗೆ, ಬಂದಿದೆ. ಖಾಸಗಿ ಮಾಲೀಕರಿಗೂ ಅದನ್ನು ಬೇಗ ತನ್ನಿ ಅಂತ ಅವರ ನಿರ್ಣಯ. ಅದರ ಕರಡನ್ನು ನಾನೇ ಟೈಪ್ ಮಾಡಿಕೊಡುತ್ತಿದ್ದೇನೆ.