ಸುಂಕವಿಲ್ಲದ ಹಣ್ಣು ಗಡಿಯಲ್ಲಿ ನಿಂತದ್ದೇಕೆ?

ಪ್ರಶ್ನೆ: ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳಿಗೂ ಚೀನಾಕ್ಕೂ ಮುಕ್ತ ವ್ಯಾಪಾರ ಒಪ್ಪಂದವಿದೆ, ಬಹುಪಾಲು ಸರಕಿಗೆ ಸುಂಕವೇ ಇಲ್ಲ ಎಂದು ಓದಿದ್ದೇನೆ. ಹಾಗಿದ್ದೂ 2025ರ ಜನವರಿಯಲ್ಲಿ ಥಾಯ್ಲೆಂಡಿನ ಡೂರಿಯನ್ ಹಣ್ಣು ಚೀನಾದ ಗಡಿಯಿಂದ ವಾಪಸಾಯಿತಂತೆ. ಈ ತಡೆ ಎಲ್ಲಿಂದ ಬಂತು?
— ವಾಣಿಜ್ಯಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ನೀವು ಓದಿದ್ದು ಸರಿಯಾಗಿಯೇ ಇದೆ. ಈ ಒಪ್ಪಂದದ ಚೌಕಟ್ಟಿಗೆ 2002ರಲ್ಲಿ ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಸಹಿಯಾಯಿತು. 2010ರ ಜನವರಿ 1ರಿಂದ ಚೀನಾ ಮತ್ತು ಆಸಿಯಾನ್‌ನ ಆರು ಹಳೆಯ ಸದಸ್ಯರ ನಡುವೆ ಶೇ 90ರಷ್ಟು ಬಗೆಯ ಸರಕುಗಳ ಸುಂಕ ಇಲ್ಲವಾಯಿತು. ಥಾಯ್ಲೆಂಡಿನ ಹಣ್ಣು-ತರಕಾರಿಗೆ ಈ ವಿನಾಯಿತಿ ಇನ್ನೂ ಮೊದಲೇ, 2003ರ ಅಕ್ಟೋಬರ್‌ನಲ್ಲೇ ಸಿಕ್ಕಿತ್ತು.

ಆದರೆ ಸುಂಕ ತೆಗೆದುಹಾಕಿದ ಮಾತ್ರಕ್ಕೆ ಸರಕನ್ನು ಪರೀಕ್ಷಿಸುವ ಹಕ್ಕನ್ನು ಯಾವ ದೇಶವೂ ಬಿಟ್ಟುಕೊಡುವುದಿಲ್ಲ. ಡೂರಿಯನ್ ಸಿಪ್ಪೆಗೆ ಹಳದಿ ಹೊಳಪು ಬರಲೆಂದು ಬಳಸಿದ 'ಬೇಸಿಕ್ ಯೆಲ್ಲೋ 2' ಎಂಬ ಬಣ್ಣ ಪತ್ತೆಯಾದ ಮೇಲೆ, ಆ ಬಣ್ಣವಿಲ್ಲ ಹಾಗೂ ಕ್ಯಾಡ್ಮಿಯಂ ಎಂಬ ವಿಷಲೋಹ ಮಿತಿ ಮೀರಿಲ್ಲ ಎಂಬ ಪ್ರಯೋಗಾಲಯದ ವರದಿ ಪ್ರತಿ ಲೋಡಿನೊಂದಿಗೂ ಬರಬೇಕೆಂದು ಚೀನಾ ಕೇಳಿತು. ಆ ಬಣ್ಣ ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ರಾಸಾಯನಿಕವಾದ್ದರಿಂದ ಈ ಬೇಡಿಕೆಯನ್ನು ಅನ್ಯಾಯವೆನ್ನಲು ನನಗೆ ಮನಸ್ಸು ಬಾರದು. ಆದರೂ ಬೆಳೆಗಾರರ ಪಾಡನ್ನು ನೋಡಬೇಕು. ಕೊಯ್ದ ಡೂರಿಯನ್ ಕೆಲವೇ ದಿನಗಳಲ್ಲಿ ಮಾಗಿ, ಮುಳ್ಳಿನ ಸಿಪ್ಪೆ ಬಿರಿಯತೊಡಗುತ್ತದೆ. ವರದಿಗಾಗಿ ಕಾಯುವ ಒಂದೊಂದು ದಿನವೂ ಹಣ್ಣಿನ ಬೆಲೆಯನ್ನು ತಿನ್ನುತ್ತದೆ. ಒಪ್ಪಂದದಿಂದ ಉಳಿದ ಸುಂಕದ ಹಣಕ್ಕಿಂತ ಹೆಚ್ಚಿನದನ್ನು ಲಾರಿ ನಿಂತಲ್ಲೇ ಕಳೆದುಕೊಳ್ಳಬಹುದು. 2021ರ ಡಿಸೆಂಬರ್‌ನಲ್ಲಿ ಕೋವಿಡ್ ನಿರ್ಬಂಧಗಳಿಂದಾಗಿ ವಿಯೆಟ್ನಾಮಿನ ಲಾಂಗ್ ಸೋನ್ ಗಡಿಯಲ್ಲಿ ಡ್ರ್ಯಾಗನ್ ಹಣ್ಣು, ಹಲಸು ತುಂಬಿದ ಸಾವಿರಾರು ಲಾರಿಗಳು ಸಾಲುಗಟ್ಟಿದಾಗಲೂ ಸುಂಕದ ದರ ಬದಲಾಗಿರಲಿಲ್ಲ.

ಪ್ರಶ್ನೆ: ಇಂಥ ವಿಷಯದಲ್ಲಿ ಆಸಿಯಾನ್ ಒಂದೇ ದನಿಯಲ್ಲಿ ಮಾತನಾಡಬಾರದೇ?
— ಅದೇ ಓದುಗರು

ಉತ್ತರ: ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಐರೋಪ್ಯ ಒಕ್ಕೂಟದಂತೆ ಆಸಿಯಾನ್‌ಗೆ ಹೊರಗಿನವರ ಮೇಲೆ ವಿಧಿಸುವ ಸಮಾನ ಸುಂಕವಿಲ್ಲ. ಸುಂಕ ಕಡಿತದ ಮಾತುಕತೆಗೆ ಸದಸ್ಯರೆಲ್ಲ ಒಟ್ಟಾಗಿ ಕೂರುತ್ತಾರೆ. ತಾಜಾ ಹಣ್ಣಿಗೆ ಪ್ರವೇಶ ಪಡೆಯುವಾಗ ಮಾತ್ರ ಒಬ್ಬೊಬ್ಬರೂ ಬೇರೆಬೇರೆಯಾಗಿ ಬೀಜಿಂಗಿನ ಬಾಗಿಲು ತಟ್ಟಬೇಕು. ತಾಜಾ ಡೂರಿಯನ್ ಕಳಿಸಲು ವಿಯೆಟ್ನಾಂಗೆ 2022ರಲ್ಲಿ, ಫಿಲಿಪ್ಪೀನ್ಸ್‌ಗೆ 2023ರಲ್ಲಿ, ಮಲೇಷ್ಯಾಕ್ಕೆ 2024ರಲ್ಲಿ ದಾರಿ ತೆರೆಯಿತು. ಹೊಸಬರು ಬಂದಂತೆಲ್ಲ ಥಾಯ್ಲೆಂಡಿನ ಪಾಲು ಕರಗಿತು. ಇವರೆಲ್ಲ ಒಂದೇ ಕೂಟದ ಮಿತ್ರರಾದರೂ ಒಂದೇ ಗಿರಾಕಿಗಾಗಿ ಪೈಪೋಟಿಗಿಳಿದಿದ್ದಾರೆ, ಆ ಗಿರಾಕಿಗೂ ಅದು ಚೆನ್ನಾಗಿ ಗೊತ್ತು. 2023ರಲ್ಲಿ ಚೀನಾ ಸುಮಾರು 14 ಲಕ್ಷ ಟನ್ ತಾಜಾ ಡೂರಿಯನ್ ಕೊಂಡಿತು. ಅಷ್ಟು ಹಣ್ಣು ಕೊಳ್ಳುವ ಇನ್ನೊಂದು ಮಾರುಕಟ್ಟೆ ಜಗತ್ತಿನಲ್ಲಿಲ್ಲ.

ಪ್ರಶ್ನೆ: ಒಟ್ಟು ಲೆಕ್ಕದಲ್ಲಿ ಲಾಭ ಯಾರಿಗೆ?
— ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ಚೀನಾದ ಅಂಕಿಅಂಶದಂತೆ 2024ರಲ್ಲಿ ಚೀನಾ ಮತ್ತು ಆಸಿಯಾನ್ ನಡುವಿನ ವಹಿವಾಟು ಸುಮಾರು 98,000 ಕೋಟಿ ಡಾಲರ್, ಅದರಲ್ಲಿ ಚೀನಾ ಮಾರಿದ್ದೇ ಹೆಚ್ಚು. ಈ ಅಂತರವನ್ನು ಪೂರಾ ನಷ್ಟವೆಂದು ಬರೆದುಕೊಳ್ಳುವುದು ತಪ್ಪಾಗುತ್ತದೆ, ಏಕೆಂದರೆ ಚೀನಾದಿಂದ ಬರುವ ಯಂತ್ರ ಮತ್ತು ಬಿಡಿಭಾಗಗಳ ಮೇಲೆಯೇ ವಿಯೆಟ್ನಾಮಿನ ಎಷ್ಟೋ ರಫ್ತು ಕಾರ್ಖಾನೆಗಳು ನಡೆಯುತ್ತಿವೆ. ಸಂಕಟವಾಗಿರುವುದು ಅಗ್ಗದ ಸಿದ್ಧವಸ್ತುಗಳ ಎದುರು ನಿಲ್ಲಲಾಗದ ಸಣ್ಣ ಉತ್ಪಾದಕರಿಗೆ. 1,500 ಬಾತ್‌ಗಿಂತ ಕಡಿಮೆ ಬೆಲೆಯ ಆಮದು ಪಾರ್ಸೆಲ್‌ಗಳಿಗೂ ಥಾಯ್ಲೆಂಡ್ 2024ರ ಜುಲೈನಿಂದ ಶೇ 7ರ ಮೌಲ್ಯವರ್ಧಿತ ತೆರಿಗೆ ಹಾಕಿದ್ದು ಅವರ ಕೂಗಿಗೆ ಓಗೊಟ್ಟೇ.

2025ರ ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಸಹಿಯಾದ ಪರಿಷ್ಕೃತ ಒಪ್ಪಂದದಲ್ಲಿ ಡಿಜಿಟಲ್ ವ್ಯಾಪಾರದ ಜೊತೆಗೆ ಆಹಾರ ಸುರಕ್ಷತೆ, ಸಸ್ಯ ಆರೋಗ್ಯ ಮತ್ತು ಗುಣಮಟ್ಟದ ನಿಯಮಗಳೂ ಸೇರಿವೆ. ಸಣ್ಣ ದೇಶಗಳ ಅಧಿಕಾರಿಗಳು ಬೇರೆಲ್ಲಕ್ಕಿಂತ ಮೊದಲು ಆ ಪುಟಗಳನ್ನು ಹಿಡಿದು ಕೂರಬೇಕೆಂದು ನನ್ನ ಅಭಿಪ್ರಾಯ. ಒಂದು ದೇಶದ ಮಾನ್ಯ ಪ್ರಯೋಗಾಲಯ ಕೊಟ್ಟ ವರದಿಯನ್ನು ಗಡಿಯಲ್ಲಿ ಮರುಪರೀಕ್ಷೆಯಿಲ್ಲದೆ ಒಪ್ಪುವಂತಾದರೆ, ಲಾರಿಯಲ್ಲಿರುವ ಹಣ್ಣು ಬಿರಿಯುವ ಮೊದಲೇ ಮಾರುಕಟ್ಟೆ ಮುಟ್ಟುತ್ತದೆ.